ಬಿಡುವಿಗೆ ಕಾಯದ ಮಾಸ್ತಿ

ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ಜೂನ್ 6 ಬಂದುಹೋಗಿರುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಹುಟ್ಟಿದ್ದೂ ಅಂದೇ, ತೀರಿಕೊಂಡದ್ದೂ ಅಂದೇ. 1891ರಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಹೊಂಗೇನಹಳ್ಳಿಯಲ್ಲಿ ಹುಟ್ಟಿ, 1986ರಲ್ಲಿ ತೊಂಬತ್ತೈದು ತುಂಬಿದ ದಿನವೇ ಕಣ್ಮುಚ್ಚಿದರು. ಆದರೆ ಈ ಸಲ ಅವರ ಬಗ್ಗೆ ಬರೆಯಲು ತಾರೀಖಷ್ಟೇ ಕಾರಣವಲ್ಲ. ಬ್ರಿಟನ್ನಿನ ಕನ್ನಡಿಗರಾದ ನಮ್ಮ ಈ ಪತ್ರಿಕೆಗೆ ಲೇಖನ ಕೇಳಿ ಫೋನ್ ಮಾಡಿದಾಗಲೆಲ್ಲ ನನಗೆ ಸಿಗುವ ಉತ್ತರ ಹೆಚ್ಚುಕಮ್ಮಿ ಒಂದೇ: "ಬರೀಬೇಕು ಅಂತ ತುಂಬಾ ಆಸೆ ಸಾರ್, ಮಕ್ಕಳ ಪರೀಕ್ಷೆ ಒಂದು ಮುಗೀಲಿ." ಪರೀಕ್ಷೆ ಮುಗಿದರೆ ಆಫೀಸಿನ ಪ್ರಾಜೆಕ್ಟು, ಅದು ಮುಗಿದರೆ ಊರಿಂದ ಅತ್ತೆ ಮಾವ. ನಾನು ದೂರುತ್ತಿಲ್ಲ, ನನ್ನ ಮನೆಯ ಕಥೆಯೂ ಅದೇ. ಆಗೆಲ್ಲ ಮಾಸ್ತಿ ನೆನಪಾಗುತ್ತಾರೆ.

ಅವರಿಗೇನು ಬಿಡುವಿತ್ತೆ? ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಮೈಸೂರು ಸಿವಿಲ್ ಸರ್ವಿಸ್ ಸೇರಿದವರು ಅವರು. ಊರೂರು ವರ್ಗ, ಸರ್ಕೀಟು, ಕಂದಾಯದ ಕಡತ. ಡೆಪ್ಯುಟಿ ಕಮಿಷನರ್ ಆಗುವವರೆಗೆ ಏರಿದ ನೌಕರಿ. ಮನೆಯಲ್ಲಿ ಪಂಕಜಮ್ಮನವರು, ಆರು ಜನ ಹೆಣ್ಣುಮಕ್ಕಳು. ಆರು ಹೆಣ್ಣುಮಕ್ಕಳ ಓದು, ಮದುವೆ, ಬಾಣಂತನ ಅಂದರೆ ಆ ಕಾಲದ ಸಂಸಾರಸ್ಥನಿಗೆ ಏನೆಂದು ನಮ್ಮ ಅಜ್ಜಂದಿರನ್ನು ಕೇಳಿದರೆ ಗೊತ್ತಾಗುತ್ತದೆ. ಇದರ ನಡುವೆ 'ಶ್ರೀನಿವಾಸ' ಎಂಬ ಹೆಸರಿಟ್ಟುಕೊಂಡು ನೂರಕ್ಕೂ ಹೆಚ್ಚು ಪುಸ್ತಕ ಬರೆದರು: ಕಥೆ, ಕಥನಕವನ, ನಾಟಕ, ಕಾದಂಬರಿ, ವಿಮರ್ಶೆ, ಕೊನೆಗೆ ಮೂರು ಸಂಪುಟದ ಆತ್ಮಕಥೆ. ಅಂದಹಾಗೆ, ಅವರ ಮನೆಮಾತು ತಮಿಳು. ಮನೆಯಲ್ಲಿ ಬೇರೆ ಮಾತಾಡುತ್ತೇವೆ, ನಮಗೆಲ್ಲಿ ಕನ್ನಡ ಬರೆಯಲು ಬರುತ್ತದೆ ಎಂದು ಹಿಂಜರಿಯುವ ನಮ್ಮ ಸದಸ್ಯರು ಇದನ್ನೊಂದು ಗಮನಿಸಲಿ. ಬೇಂದ್ರೆಯವರ ಮನೆಮಾತು ಮರಾಠಿ, ಅದನ್ನೂ ಸೇರಿಸಿಕೊಳ್ಳಿ.

ಸಂಸಾರ ಅವರ ಬರವಣಿಗೆಗೆ ಅಡ್ಡ ಬಂದಂತೆ ನನಗೆ ಕಾಣುವುದಿಲ್ಲ. ಬರೆಯಲು ಸರಕು ಸಿಕ್ಕಿದ್ದೇ ಅಲ್ಲಿ. ಶಾಲೆಯಲ್ಲಿ ಓದಿದ 'ಮೊಸರಿನ ಮಂಗಮ್ಮ'ನನ್ನು ಈಗ ಇನ್ನೊಮ್ಮೆ ಓದಿ ನೋಡಿ. ಬೆಂಗಳೂರಿನ ಒಂದು ಮನೆಗೆ ದಿನಾ ಮೊಸರು ತರುವ ಹಳ್ಳಿಯ ಹೆಂಗಸು. ಮೊಮ್ಮಗನಿಗೆ ಸೊಸೆ ಹೊಡೆದಳೆಂದು ಜಗಳವಾಗಿ, ಮಗ ಹೆಂಡತಿ ಪರ ನಿಂತು, ಮುದುಕಿ ಬೇರೆಯಾಗುತ್ತಾಳೆ. ಇಷ್ಟು ದಿನ ಯಾರಿಗಾಗಿ ಕೂಡಿಟ್ಟೆ ಎಂದು ರೋಸಿ ಮಕಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ, ಊರು ನಗುತ್ತದೆ. ಒಂಟಿ ಹೆಂಗಸಿನ ಗಂಟಿನ ಮೇಲೆ ಕಣ್ಣಿಟ್ಟ ರಂಗಪ್ಪ ದಾರಿಯಲ್ಲಿ ಮಾತಿಗೆ ನಿಲ್ಲತೊಡಗುತ್ತಾನೆ. ಮೊಮ್ಮಗನಿಗೆಂದು ಕೊಂಡ ಮಿಠಾಯಿ ಪೊಟ್ಟಣವನ್ನು ಕಾಗೆ ಎತ್ತಿಕೊಂಡು ಹೋದಾಗ ಅವಳಿಗಾಗುವ ದಿಗಿಲು ಇದೆಯಲ್ಲ, ಅದನ್ನು ಹೆಣ್ಣುಮಕ್ಕಳ ಮಾತು ಕಿವಿಗೊಟ್ಟು ಕೇಳಿದ ಗಂಡಸು ಮಾತ್ರ ಬರೆಯಬಲ್ಲ. ಕಥೆ ಹೇಳುವವಳೂ ಮೊಸರು ಕೊಳ್ಳುವ ಆ ಮನೆಯ ಹೆಂಗಸೇ. ಜಾಣೆ ಸೊಸೆ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಎಲ್ಲವನ್ನೂ ಮತ್ತೆ ಒಂದು ಮಾಡುತ್ತಾಳೆ. ಅತ್ತೆ, ಸೊಸೆ ಇಬ್ಬರ ಲೆಕ್ಕಾಚಾರವೂ ಮಾಸ್ತಿಗೆ ಗೊತ್ತು, ಯಾರ ಮೇಲೂ ಸಿಟ್ಟಿಲ್ಲ.

ಈ ಸಿಟ್ಟಿಲ್ಲದಿರುವಿಕೆಯೇ ಕೆಲವರಿಗೆ ಅವರಲ್ಲಿ ಹಿಡಿಸದ ಗುಣ. 'ರಂಗನ ಮದುವೆ'ಯಲ್ಲಿ ಹುಡುಗಿ ರತ್ನಳಿಗೆ ಹನ್ನೊಂದೇ ವರ್ಷ. ನಮ್ಮ ಕನ್ನಡ ತರಗತಿಯ ಮಕ್ಕಳಿಗೆ ಅದನ್ನು ಓದಿ ಹೇಳುವಾಗ ನನಗೂ ಕಸಿವಿಸಿ. ಆದರೂ ಅದರ ಒಂದು ಚಿತ್ರ ನಮ್ಮಂಥವರಿಗಾಗಿಯೇ ಬರೆದಂತಿದೆ: ಇಂಗ್ಲಿಷ್ ಓದಲು ಬೆಂಗಳೂರಿಗೆ ಹೋದ ಹುಡುಗ ಊರಿಗೆ ಬಂದಾಗ ಜನ ಮುತ್ತಿಕೊಳ್ಳುತ್ತಾರೆ, ಒಬ್ಬ ಮುದುಕಿ ಅವನ ಎದೆ ಮುಟ್ಟಿ ಜನಿವಾರ ಇದೆಯೇ ಎಂದು ನೋಡುತ್ತಾಳೆ. ಹೀಥ್ರೂನಿಂದ ಹೊರಟು ಊರು ಸೇರಿದ ಮೊದಲ ದಿನ ನಮ್ಮನ್ನೂ ಯಾರಾದರೊಬ್ಬರು ಹೀಗೆ ತಡವಿ ನೋಡಿರುತ್ತಾರೆ.

ಮನೆಯಾಚೆಗೂ ಅವರಿಗೊಂದು ದೊಡ್ಡ ಬಳಗವಿತ್ತು. ಕನ್ನಡನಾಡು ಆಗ ಚೂರುಚೂರಾಗಿ ಹಂಚಿಹೋಗಿತ್ತು. ಬೆಂಗಳೂರು ಮೈಸೂರು ಸಂಸ್ಥಾನದಲ್ಲಿ, ಧಾರವಾಡ ಬೆಳಗಾವಿ ಮುಂಬಯಿ ಪ್ರಾಂತದಲ್ಲಿ. 1929ರ ಬೆಳಗಾವಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಹೋದದ್ದು ಮೈಸೂರಿನ ಈ ಅಧಿಕಾರಿ, ವಯಸ್ಸು ಇನ್ನೂ ನಲವತ್ತು ಮುಟ್ಟಿರಲಿಲ್ಲ. 1932ರಲ್ಲಿ ಬೇಂದ್ರೆಯವರ 'ಗರಿ' ಅಚ್ಚಾಗಿ ಬಂದದ್ದರ ಹಿಂದೆ ಮಾಸ್ತಿ ಇದ್ದರು. ತಾನು ಬರೆಯುವುದರ ಜೊತೆಗೆ ಇನ್ನೊಬ್ಬರ ಪುಸ್ತಕ ಹೊರಬರುವಂತೆ ನೋಡಿಕೊಳ್ಳುವ ಲೇಖಕರು ಎಷ್ಟು ಜನ? ಬೇಂದ್ರೆಯವರಂತೂ ಅವರನ್ನು ಅಣ್ಣನೆಂದೇ ಕಂಡರು. 1943ರಲ್ಲಿ, ತಮಗಿಂತ ಕಿರಿಯರೊಬ್ಬರನ್ನು ಮಂತ್ರಿ ಮಾಡಿದಾಗ ಮಾಸ್ತಿ ರಾಜೀನಾಮೆ ಕೊಟ್ಟು ಮನೆಗೆ ಬಂದರು. ಮರುವರ್ಷವೇ 'ಜೀವನ' ಮಾಸಪತ್ರಿಕೆಯ ಸಂಪಾದಕರಾದರು. ಅದು 1965ರವರೆಗೆ ಅವರ ಕೈಯಲ್ಲಿ ನಡೆಯಿತು. ಮೂರು ತಿಂಗಳಿಗೊಮ್ಮೆ ಎಂಟು ಪುಟ ತರಲು ಒದ್ದಾಡುವ ನಾನು ಆ ಇಪ್ಪತ್ತೊಂದು ವರ್ಷವನ್ನು ಯೋಚಿಸಿದರೆ ಸುಮ್ಮನಾಗುತ್ತೇನೆ. ಹಾಗೆಂದು ಸದಾ ಮೇಜಿಗೆ ಅಂಟಿ ಕೂತವರಲ್ಲ. ಕೋಟು, ಪೇಟ, ಕೈಯಲ್ಲೊಂದು ಕೊಡೆ ಹಿಡಿದು ಗವಿಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ನಡೆದು ಹೋಗಿ ಇಸ್ಪೀಟಾಡುವುದು ಇಳಿವಯಸ್ಸಿನಲ್ಲೂ ತಪ್ಪಿಸದ ಅಭ್ಯಾಸ.

ಜ್ಞಾನಪೀಠ ಬಂದದ್ದು 1983ರಲ್ಲಿ, ತೊಂಬತ್ತೆರಡರ ವಯಸ್ಸಿನಲ್ಲಿ, 'ಚಿಕವೀರರಾಜೇಂದ್ರ' ಕಾದಂಬರಿಗೆ. ಬ್ರಿಟನ್ನಿನಲ್ಲಿರುವ ನಾವು ಅದನ್ನು ಓದಲು ಬೇರೆಯದೇ ಒಂದು ಕಾರಣವಿದೆ. 1834ರಲ್ಲಿ ಪಟ್ಟ ಕಳೆದುಕೊಂಡ ಕೊಡಗಿನ ಆ ಕೊನೆಯ ಅರಸ, ಮಗಳು ಗೌರಮ್ಮನನ್ನು ಕರೆದುಕೊಂಡು 1852ರಲ್ಲಿ ಇಂಗ್ಲೆಂಡಿಗೆ ಬಂದ. ಹುಡುಗಿಯ ದೀಕ್ಷಾಸ್ನಾನಕ್ಕೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಅರಸ ಮತ್ತೆ ಊರು ಕಾಣಲಿಲ್ಲ. ಅವನ ಸಮಾಧಿ ಇರುವುದು ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ. ಒಡಹುಟ್ಟಿದ ತಂಗಿಯನ್ನೇ ಶತ್ರುವಾಗಿ ಕಂಡವನ ಕೈಯಲ್ಲಿ ರಾಜ್ಯ ಉಳಿಯುವುದುಂಟೇ ಎಂಬುದು ಆ ಕಾದಂಬರಿಯ ಉದ್ದಕ್ಕೂ ಕೇಳಿಸುವ ಪ್ರಶ್ನೆ. ಕಂಪನಿ ಸರ್ಕಾರದ ಮಸಲತ್ತನ್ನು ಮಾಸ್ತಿ ಮುಚ್ಚಿಡಲಿಲ್ಲ, ಆದರೆ ಬಿರುಕು ಮೊದಲು ಬಿಟ್ಟದ್ದು ಅರಮನೆಯೊಳಗೆ ಎಂದರು. ಸಂಸಾರ ಬಲ್ಲವನ ಇತಿಹಾಸ ಅದು.

ಮುಂದಿನ ಓದುಕೂಟದಲ್ಲಿ 'ಮೊಸರಿನ ಮಂಗಮ್ಮ'ನನ್ನು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದುವುದೆಂದು ಸಮಿತಿ ತೀರ್ಮಾನಿಸಿದೆ. ಸೊಸೆಯ ಪಾತ್ರಕ್ಕೆ ಈಗಾಗಲೇ ಪೈಪೋಟಿ ನಡೆದಿದೆ. ಮಂಗಮ್ಮ ಆಗಲು ಮಾತ್ರ ಇನ್ನೂ ಯಾರೂ ಒಪ್ಪಿಲ್ಲ. ಕೋಲಾರದ ಕಡೆಯ ಮಾತು ಬಲ್ಲ ಅತ್ತೆಯವರು ಯಾರ ಮನೆಗಾದರೂ ಬೇಸಿಗೆಗೆ ಬಂದಿದ್ದರೆ ದಯವಿಟ್ಟು ತಿಳಿಸಿ. ಕರೆದೊಯ್ದು ಮನೆಗೆ ಬಿಡುವ ಹೊಣೆ ನನ್ನದು.