ಆ ಎರಡು ನಿಮಿಷ ಕೊಟ್ಟವರಿಗೆ

ನಮ್ಮ ಮಕ್ಕಳ ವಾರ್ಡಿನ ಚಾರ್ಟಿನಲ್ಲಿ ನೋವಿಗೆ ಅಂತ ಒಂದು ಕಾಲಂ ಬಂದು ಈ ವಾರಕ್ಕೆ ಒಂದು ವರ್ಷ. ಜ್ವರ, ನಾಡಿ, ಉಸಿರಾಟದ ಪಕ್ಕ ಒಂದು ಸಣ್ಣ ಚೌಕ, ಅಷ್ಟೇ. ಅದರಲ್ಲಿ ಸುಮ್ನೆ ಸೊನ್ನೆ ಹಾಕಿ ಮುಂದೆ ಹೋಗಬಹುದಿತ್ತು. ಹಾಗೆ ಮಾಡದೆ, ಮಗುವಿನ ಮುಖ ನೋಡಿ ಬರೆದ ಸಿಸ್ಟರ್‌ಗಳಿಗೆ ಎಲ್ಲರ ಮುಂದೆ ಥ್ಯಾಂಕ್ಸ್ ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಮೇಡಂ ಅಂದಿದ್ದಾರೆ, ಹಾಕುವುದಿಲ್ಲ. ಓದಿದರೆ ಯಾರ ಮಾತು ಅಂತ ಅವರಿಗೇ ಗೊತ್ತಾಗುತ್ತದೆ.

ನಾನು ಬೆಂಗಳೂರಿನಲ್ಲಿ ಮಕ್ಕಳ ನರ್ಸ್ ಆಗಿ 21 ವರ್ಷ ಆಯಿತು. ಮೊದಮೊದಲು ಕೆಲಸ ಕಲಿತ ಕಡೆ ಪದ್ಧತಿ ಹೀಗಿತ್ತು. ಕ್ಯಾನುಲಾ (ಡ್ರಿಪ್ ಕೊಡಲು ನರದೊಳಗೆ ಇಡುವ ಸಣ್ಣ ಕೊಳವೆ) ಹಾಕುವಾಗ ತಾಯಿಯನ್ನು ಹೊರಗೆ ಕಳಿಸಬೇಕು, ಮಗುವನ್ನು ಮಲಗಿಸಬೇಕು, ಇಬ್ಬರು ಕೈಕಾಲು ಒತ್ತಿ ಹಿಡಿಯಬೇಕು, ಬೇಗ ಮುಗಿಸಬೇಕು. ಒಂದು ದಿನ ಚಿಂತಾಮಣಿ ಕಡೆಯ ಒಬ್ಬ ಹುಡುಗ ಬಂದ. ಮೂರು ವರ್ಷ ಇರಬೇಕು. ನರ ಸಿಗಲಿಲ್ಲ. ನಾಲ್ಕು ಸಲ ಚುಚ್ಚಿದರು. ಕೈ ಹಿಡಿದವಳು ನಾನು. "ಇರುವೆ ಕಚ್ಚಿದ ಹಾಗೆ ಅಷ್ಟೇ, ಪುಟ್ಟ" ಅಂತ ಹೇಳುತ್ತಲೇ ಇದ್ದೆ. ಬಾಗಿಲಾಚೆ ಅವನಮ್ಮ ಅಳುವುದು ಕೇಳಿಸುತ್ತಿತ್ತು. ಮಾರನೇ ದಿನ ನಾನು ಬರೀ ಥರ್ಮಾಮೀಟರ್ ಹಿಡಿದು ಹೋದರೂ ಅವನು ಮಂಚದ ಕೆಳಗೆ ನುಗ್ಗಿದ. "ಮಕ್ಕಳು ಮರೆತುಬಿಡ್ತಾವೆ ಬಿಡು" ಅಂದರು ಸೀನಿಯರ್ ಒಬ್ಬರು. ಅವರಿಗೂ ಯಾರೋ ಹಾಗೇ ಕಲಿಸಿದ್ದರು.

ಎಷ್ಟೋ ವರ್ಷ ಆದಮೇಲೆ ಎಂಎಸ್ಸಿ ನರ್ಸಿಂಗ್ ಓದುವಾಗ ಆ ಮಾತು ಸುಳ್ಳು ಅಂತ ತಿಳಿಯಿತು. 1980ರ ದಶಕದವರೆಗೂ ದೊಡ್ಡ ದೊಡ್ಡ ದೇಶಗಳಲ್ಲೇ ಎಷ್ಟೋ ನವಜಾತ ಶಿಶುಗಳಿಗೆ ಸರಿಯಾಗಿ ಅರಿವಳಿಕೆ ಕೊಡದೆ ಆಪರೇಷನ್ ಮಾಡುತ್ತಿದ್ದರಂತೆ. ಅಷ್ಟು ಚಿಕ್ಕ ಕೂಸಿಗೆ ನೋವು ತಿಳಿಯುವುದಿಲ್ಲ ಅನ್ನುವ ನಂಬಿಕೆ. ಇಂದೋರ್‌ನಲ್ಲಿ ಎಂಬಿಬಿಎಸ್ ಮುಗಿಸಿ ಆಕ್ಸ್‌ಫರ್ಡ್‌ಗೆ ಹೋಗಿದ್ದ ಡಾ. ಕನ್ವಲ್‌ಜೀತ್ ಆನಂದ್ ಅದನ್ನು ಒಪ್ಪಲಿಲ್ಲ. ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳಿಗೆ ಆಪರೇಷನ್ ಹೊತ್ತಿನಲ್ಲಿ ಸರಿಯಾದ ನೋವಿನ ಔಷಧಿ ಕೊಟ್ಟರೆ ದೇಹಕ್ಕೆ ಆಗುವ ಪೆಟ್ಟು ಕಡಿಮೆ ಅಂತ 1987ರಲ್ಲಿ ಅವರು ಮತ್ತು ಜೊತೆಗಾರರು ತೋರಿಸಿದರು. ಇನ್ನು ಮರೆವಿನ ಮಾತು. 1997ರಲ್ಲಿ ಕೆನಡಾದ ಅನ್ನಾ ಟ್ಯಾಡಿಯೋ ಅವರ ತಂಡ ಲಸಿಕೆಗೆ ಬಂದ 4-6 ತಿಂಗಳ ಗಂಡುಮಕ್ಕಳನ್ನು ಗಮನಿಸಿತು. ಹುಟ್ಟಿದ ಹೊಸದರಲ್ಲಿ ಮರಗಟ್ಟಿಸದೆ ಸುನ್ನತಿ ಮಾಡಿದ್ದ ಮಕ್ಕಳು ಸೂಜಿಗೆ ಉಳಿದವರಿಗಿಂತ ಜಾಸ್ತಿ ಅತ್ತರು. ಮಾತು ಬಾರದ ಕೂಸಿನ ಮೈ ಮರೆತಿರಲಿಲ್ಲ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಆ ಹುಡುಗನ ಕೈ ಹಿಡಿದಾಗ ಈ ಎರಡೂ ವಿಷಯ ಅಚ್ಚಾಗಿ ಎಷ್ಟೋ ವರ್ಷ ಕಳೆದಿತ್ತು, ಅಲ್ವಾ? ಗೊತ್ತಿದ್ದದ್ದು ನಮ್ಮ ವಾರ್ಡಿನ ತನಕ ಬಂದಿರಲಿಲ್ಲ.

ತರೋಣ ಅಂತ ಹೊರಟಾಗ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಕ್ಲಾಸ್ ತೆಗೆದುಕೊಂಡೆ, ಗೋಡೆಗೆ ಪೋಸ್ಟರ್ ಅಂಟಿಸಿದೆ. ಎಲ್ಲರೂ ತಲೆಯಾಡಿಸಿದರು. ತಿಂಗಳು ಕಳೆದು ಚಾರ್ಟ್ ತೆಗೆದು ನೋಡಿದರೆ ಸಾಲಾಗಿ ಸೊನ್ನೆ, ಒಂದೇ ಪೆನ್ನು, ಒಂದೇ ಕೈಬರಹ. ಡ್ಯೂಟಿ ಮುಗಿಯುವಾಗ ಒಟ್ಟಿಗೆ ತುಂಬಿದ್ದು. ನನಗೆ ಕೋಪ ಬಂದಿತ್ತು. ಆಗ ಒಬ್ಬ ಸಿಸ್ಟರ್ ಮೆಲ್ಲಗೆ ಹೇಳಿದರು, "ಮೇಡಂ, ರಾತ್ರಿ ಮೂವರಿದ್ದೀವಿ. ಮಕ್ಕಳು ಇಪ್ಪತ್ತೈದು. ಸಕ್ಕರೆ ನೀರು ಹಾಕಿ ಎರಡು ನಿಮಿಷ ಕಾಯಿ ಅಂತೀರಿ. ಆ ಎರಡು ನಿಮಿಷ ಎಲ್ಲಿಂದ ತರಲಿ?" ನನ್ನ ಮೊದಲ ಥ್ಯಾಂಕ್ಸ್ ಅವರಿಗೆ. ಅಲ್ಲಿವರೆಗೆ ನಾನು ಹೇಳುತ್ತಿದ್ದೆ. ಕೇಳಲು ಶುರು ಮಾಡಿದ್ದು ಅವತ್ತು.

ಆ ಎರಡು ನಿಮಿಷದ ಲೆಕ್ಕ ಹೇಳುತ್ತೇನೆ. ಎಳೆಕೂಸಿಗೆ ರಕ್ತ ತೆಗೆಯುವ ಎರಡು ನಿಮಿಷ ಮುಂಚೆ, ಡಾಕ್ಟರ್ ಬರೆದುಕೊಟ್ಟಷ್ಟು ಸಕ್ಕರೆ ನೀರಿನ ಹನಿಗಳನ್ನು ನಾಲಿಗೆ ಮೇಲೆ ಬಿಟ್ಟರೆ ನೋವು ಕಡಿಮೆ ಆಗುತ್ತದೆ. ಬೇಗ ಚುಚ್ಚಿದರೆ ಅಷ್ಟು ಉಪಯೋಗ ಇಲ್ಲ. ತಾಯಿ ಎದೆಹಾಲು ಕುಡಿಸುತ್ತಿರುವಾಗಲೇ ಮಾಡಿದರೆ ಇನ್ನೂ ಒಳ್ಳೆಯದು. (ಮನೆಯಲ್ಲಿ ಕೂಸಿಗೆ ಸಕ್ಕರೆ ನೀರು ಕುಡಿಸಬೇಡಿ. ಇದು ಆಸ್ಪತ್ರೆಯ ಸೂಜಿಗೆ ಮಾತ್ರ.) ನಾವೆಲ್ಲ ಕೂತು ಚಹಾ ಕುಡಿಯುತ್ತಾ ಯೋಚಿಸಿದೆವು. ಹನಿ ಹಾಕಿ, ಆಮೇಲೆ ಟ್ರೇ ಜೋಡಿಸುವುದು ಅಂತ ತೀರ್ಮಾನ ಆಯಿತು. ಹತ್ತಿ, ಸ್ಪಿರಿಟ್, ಟ್ಯೂಬು, ಲೇಬಲ್ ಎಲ್ಲ ತೆಗೆದಿಡುವಷ್ಟರಲ್ಲಿ ಎರಡು ನಿಮಿಷ ತಾನೇ ಆಗುತ್ತದೆ. ಹೇಳಿದ್ದು ಅದೇ ಸಿಸ್ಟರ್.

ಮರಗಟ್ಟಿಸುವ ಕ್ರೀಮ್ ಇನ್ನೂ ಕಷ್ಟ. ಅದಕ್ಕೆ ಒಂದು ಗಂಟೆ ಬೇಕು. ಬೆಳಿಗ್ಗೆ ಆರಕ್ಕೆ ಸ್ಯಾಂಪಲ್ ಇರುವ ದೊಡ್ಡ ಮಕ್ಕಳಿಗೆ ಐದಕ್ಕೆ ಎದ್ದುಹೋಗಿ, ಅವರ ನಿದ್ದೆ ಕೆಡದ ಹಾಗೆ ಹಚ್ಚಿಬರುವ ನೈಟ್ ಡ್ಯೂಟಿ ಸಿಸ್ಟರ್‌ಗಳೇ, ಹ್ಯಾಂಡ್‌ಓವರ್ ಗಡಿಬಿಡಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಕಣ್ಣಿಗೆ ಬಿದ್ದಿದೆ.

ನೋವು ಅಳೆಯುವುದನ್ನು ಕಲಿತದ್ದು ಬೇರೆಯೇ ಕಥೆ. ಚಿಕ್ಕ ಮಕ್ಕಳಿಗೆ ಐದು ವಿಷಯ ನೋಡುತ್ತೇವೆ: ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನ ಮಾಡಿದರೆ ಸುಮ್ಮನಾಗುತ್ತಾ ಅನ್ನುವುದು. ಒಂದೊಂದಕ್ಕೆ 0ಯಿಂದ 2, ಒಟ್ಟು 10. ಸ್ವಲ್ಪ ದೊಡ್ಡವರಿಗೆ ಮುಖಗಳ ಚಿತ್ರ ತೋರಿಸಿ ಕೇಳುತ್ತೇವೆ. ಮೊದಲು ನಗುಮುಖದಿಂದ ಶುರುವಾಗುವ ಚಿತ್ರ ಇಟ್ಟಿದ್ದೆವು. ಅಪೆಂಡಿಕ್ಸ್ ಆಪರೇಷನ್ ಆದ ಒಬ್ಬ ಪುಟ್ಟಿ ಹಲ್ಲು ಕಚ್ಚಿಕೊಂಡೇ ನಗುಮುಖಕ್ಕೆ ಬೆರಳಿಟ್ಟಳು. ಯಾಕೆ ಅಂದರೆ "ಇದೇ ಚೆನ್ನಾಗಿದೆ" ಅಂದಳು. ಅದನ್ನು ನಂಬಿ ಸೊನ್ನೆ ಬರೆಯದೆ, ಅವಳ ಮಡಚಿದ ಕಾಲು ನೋಡಿ ನನ್ನನ್ನು ಕರೆದ ಸಿಸ್ಟರ್‌ಗೆ ಥ್ಯಾಂಕ್ಸ್. ಆಮೇಲೆ ನಗುವೂ ಕಣ್ಣೀರೂ ಇಲ್ಲದ ಆರು ಮುಖಗಳ ಪಟ್ಟಿ ತಂದೆವು. 2001ರಿಂದಲೇ ಅದು ಬಳಕೆಯಲ್ಲಿದೆ.

ಕೇರಳದಿಂದ ಬಂದ ಆ ಚಿಕ್ಕ ಸಿಸ್ಟರ್‌ಗೆ ಏನು ಹೇಳಲಿ? ಕನ್ನಡವೇ ಹೊಸದು. ರಾಯಚೂರಿನ ತಾಯಿಯೊಬ್ಬರು "ಹೊಟ್ಟಿ ಬ್ಯಾನಿ ಅಂತ ಅಳಾಕತ್ತಾನ" ಅಂದಾಗ ಅವಳಿಗೆ ತಿಳಿಯಲಿಲ್ಲ. ಅವತ್ತೇ ಕೂತು ಒಂದು ಕಾರ್ಡ್ ಮಾಡಿದಳು: ನೋವು, ಬ್ಯಾನಿ, ನೊಪ್ಪಿ, ವಲಿ, ದರ್ದ್. ಈಗ ಎಲ್ಲರ ಜೇಬಿನಲ್ಲೂ ಅದರ ಜೆರಾಕ್ಸ್ ಇದೆ.

ಲಸಿಕೆ ಕೋಣೆಯ ನಮ್ಮ ಹಿರಿಯ ಅಕ್ಕನಿಗೆ ಕೈಮುಗಿಯುತ್ತೇನೆ. ಸೂಜಿ ಒಳಗೆ ಹೋದಮೇಲೆ ಪಿಸ್ಟನ್ ಹಿಂದಕ್ಕೆಳೆದು ರಕ್ತ ಬಂತಾ ಅಂತ ನೋಡುವುದು ಅವರ ಕೈಗೆ ಅಂಟಿದ ಅಭ್ಯಾಸ. ಲಸಿಕೆಗೆ ಅದು ಬೇಡ, ನೋವು ಜಾಸ್ತಿ ಮಾಡುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಹೆಚ್ಚು ನೋಯುವ ಲಸಿಕೆ ಕೊನೆಗೆ ಕೊಡಿ, ಮಗು ತಾಯಿಯ ಮಡಿಲಲ್ಲೇ ಇರಲಿ ಅಂತಲೂ ಹೇಳಿತು. ರಿಟೈರ್ ಆಗಲು ಎರಡೇ ವರ್ಷ ಇರುವವರು ಕೈಯ ಅಭ್ಯಾಸ ಬಿಡುವುದು ಸುಲಭವಲ್ಲ. "ಮೂವತ್ತು ವರ್ಷ ಮಾಡಿದ್ದು ತಪ್ಪಾ?" ಅಂತ ಕೇಳಿದರು. ಕಣ್ಣಲ್ಲಿ ನೀರಿತ್ತು. ಮಾರನೇ ದಿನದಿಂದ ಅವರು ಎಳೆಯಲಿಲ್ಲ.

ನಮ್ಮ ಆಯಮ್ಮ, "ಊಟ ಮಾಡ್ದಿದ್ರೆ ಸಿಸ್ಟರ್ ಸೂಜಿ ಚುಚ್ತಾರೆ ನೋಡು" ಅಂತ ಹೆದರಿಸುವ ಅಮ್ಮಂದಿರಿಗೆಲ್ಲ ನೀವೇ ಬುದ್ಧಿ ಹೇಳಿದ್ದೀರಿ. ನಾವು ಹೇಳಿದ್ದರೆ ಅವರು ಕೇಳುತ್ತಿರಲಿಲ್ಲ. ಭಾನುವಾರ ಲಾಲ್‌ಬಾಗ್ ಗೇಟಿನಲ್ಲಿ ಸೋಪಿನ ಗುಳ್ಳೆ ಡಬ್ಬಿಗಳನ್ನು ಸ್ವಂತ ದುಡ್ಡಿನಲ್ಲಿ ತಂದ ವಾರ್ಡ್ ಅಣ್ಣ, ಗುಳ್ಳೆ ಊದುತ್ತಾ ಉಸಿರು ಬಿಡುವ ಮಗುವಿನ ಕೈ ಎಷ್ಟು ಸಡಿಲ ಆಗುತ್ತದೆ ಅಂತ ನೀವೇ ನೋಡಿದ್ದೀರಲ್ಲ. ಎರಡು ಸಲ ಪ್ರಯತ್ನಿಸಿ ನರ ಸಿಗದಿದ್ದರೆ ಸೂಜಿ ಕೆಳಗಿಟ್ಟು ಸೀನಿಯರ್‌ನ ಕರೆಯುವ ನಮ್ಮ ಪಿಜಿ ಡಾಕ್ಟರ್‌ಗಳಿಗೂ ಥ್ಯಾಂಕ್ಸ್.

ಮತ್ತೆ ಆ ರಾಯಚೂರಿನ ತಾಯಿಗೆ. ಮಗನನ್ನು ತೊಡೆ ಮೇಲೆ ಕೂರಿಸಿಕೊಂಡು, ಎದೆಗೆ ಒತ್ತಿ, ಅವನಿಗೆ ನಿಮ್ಮೂರಿನ ಎತ್ತಿನ ಸುದ್ದಿ ಹೇಳುತ್ತಿದ್ದಿರಿ. ಕ್ಯಾನುಲಾ ಒಳಗೆ ಹೋಯಿತು. ಅವನು ಒಂದು ಸಲ "ಸ್" ಅಂದ, ಆಮೇಲೆ "ಆ ಎತ್ತು ಏನ್ ಮಾಡ್ತು?" ಅಂತ ಕೇಳಿದ. ನಾನು ಅವತ್ತು ಔಷಧಿ ಕೋಣೆಗೆ ಹೋಗಿ ಸ್ವಲ್ಪ ಹೊತ್ತು ನಿಂತಿದ್ದೆ. ನಿಮಗೆ ಹೇಳಿರಲಿಲ್ಲ.

ಮುಂದಿನ ತಿಂಗಳಿಂದ ಡ್ರೆಸ್ಸಿಂಗ್ ರೂಮಿನಲ್ಲಿ ಶುರು ಮಾಡುತ್ತಿದ್ದೇವೆ. ಸುಟ್ಟ ಗಾಯದ ಮಕ್ಕಳು ಬರುವ ಜಾಗ. ಅಲ್ಲಿ ಎರಡು ನಿಮಿಷ ಸಾಲುವುದಿಲ್ಲ. ನೋವಿನ ಔಷಧಿ ಮೊದಲೇ ಕೊಟ್ಟು, ಅದು ಕೆಲಸ ಮಾಡುವವರೆಗೆ ಕಾಯಬೇಕು. ಬುಧವಾರ ಮಧ್ಯಾಹ್ನ ಮೂರಕ್ಕೆ ಕೂರೋಣ ಅಂದಿದ್ದೇನೆ. ನೈಟ್ ಮುಗಿಸಿದವರು ಮಲಗಿ ಎದ್ದು ಬನ್ನಿ. ಚಹಾ ನನ್ನದು.