ಹೆಲ್ಮೆಟ್ ಕೊಳ್ಳುವ ಸದಸ್ಯರಿಗೆ ಸೂಚನೆ

ಆತ್ಮೀಯ ಸದಸ್ಯರೇ, ಬೆಟ್ಟದ ಹಾದಿಯ ಸೈಕಲ್ ಸವಾರಿಗೆ ಹೆಲ್ಮೆಟ್ ಕೊಳ್ಳುವವರು ಮೊದಲು ಹುಬ್ಬಿನಿಂದ ಸುಮಾರು 2.5 ಸೆಂ.ಮೀ. ಮೇಲೆ ಟೇಪು ಸುತ್ತಿ ತಲೆಯ ಸುತ್ತಳತೆಯನ್ನು ತಿಳಿದುಕೊಳ್ಳಬೇಕೆಂದು ಕೋರುತ್ತೇನೆ. ಹೆಲ್ಮೆಟ್ ಹಿಂದಕ್ಕೆ ವಾಲದೆ, ಹುಬ್ಬಿನಿಂದ ಎರಡು ಬೆರಳಿನಷ್ಟು ಮೇಲೆ ಸಮವಾಗಿ ಕೂರಬೇಕು. ಗದ್ದದ ಪಟ್ಟಿಯನ್ನು ಬಿಗಿಯುವ ಮೊದಲೇ ಹೆಲ್ಮೆಟ್ ಅನ್ನು ಹಿಡಿದು ಮೆಲ್ಲಗೆ ಅಲ್ಲಾಡಿಸಿದಾಗ ಜಾರದೆ, ಹಣೆಯ ಚರ್ಮವನ್ನೂ ತನ್ನೊಡನೆ ಕದಲಿಸಿದರೆ ಅಳತೆ ಸರಿಯಿದೆ ಎಂದರ್ಥ. ಒಂದೇ ಕಡೆ ಒತ್ತಿ ನೋಯಿಸುವುದಾದರೆ, ಅಳತೆ ಹೊಂದಿದರೂ ಆಕಾರ ನಿಮ್ಮ ತಲೆಗೆ ಹೊಂದಿಲ್ಲ, ಅಂಥದ್ದನ್ನು ಬಿಟ್ಟುಬಿಡಿ. ತಲೆಯ ಹಿಂಭಾಗವನ್ನು ಕೆಳಗಿನವರೆಗೆ ಮುಚ್ಚುವ ಮಾದರಿಯನ್ನೇ ಆರಿಸಿ, ಯುರೋಪಿನ ಇಎನ್ 1078 ಅಥವಾ ಅಮೆರಿಕದ ಸಿಪಿಎಸ್‌ಸಿ ಸುರಕ್ಷತಾ ಮಾನದಂಡದ ಗುರುತು ಇದೆಯೇ ಎಂದು ನೋಡಿ. ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್‌ನ ಫೋಮ್ ಹೊರಗೆ ಕಾಣದಂತೆ ಒಳಗೇ ಜಜ್ಜಿಹೋಗಿರಬಹುದಾದ್ದರಿಂದ, ದಯವಿಟ್ಟು ಅದನ್ನು ಮತ್ತೆ ಧರಿಸಬೇಡಿ, ಇತರರಿಗೂ ಕೊಡಬೇಡಿ.