ಅಪ್‌ಲೈನ್ ಹೇಳದ ಲೆಕ್ಕ

ಪುಟ್ಟಿ,

ನೀನು ಸೇರಿರುವ ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಯ, ಅಂದರೆ ಸಾಮಾನು ಕೊಂಡು, ಮಾರಿ, ಜನರನ್ನು ಸೇರಿಸುತ್ತಾ ಹೋಗುವ ಆ ಕಂಪನಿಯ ಪ್ಲಾನ್ ಪೂರ್ತಿ ಓದಿದೆ. ನಿನ್ನನ್ನು ಸೇರಿಸಿದ ಮೇಲಿನವರು, ನಿನ್ನ "ಅಪ್‌ಲೈನ್", ಹೇಳದ ಲೆಕ್ಕ ಇದು. ಫೋನಿನಲ್ಲಿ ಈ ಮಾತು ತೆಗೆದರೆ ಇಬ್ಬರ ದನಿಯೂ ಏರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. "ನಾನೇ ಇನ್ನೂ ಜಾಸ್ತಿ ಕಷ್ಟಪಡಬೇಕಮ್ಮ, ತಪ್ಪು ನನ್ನದೇ" ಅಂದೆಯಲ್ಲ, ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ನೀನು ಎಷ್ಟು ದುಡಿಯುತ್ತೀಯ ಅಂತ ನನಗೆ ಗೊತ್ತು. ತೊಂದರೆ ಇರುವುದು ಅವರು ದುಡ್ಡು ಹಂಚುವ ರೀತಿಯಲ್ಲಿ.

ಮಾಮೂಲಿ ಸೇಲ್ಸ್ ಕೆಲಸದಲ್ಲಿ ಮಾರಿದ್ದಕ್ಕೆ ಕಮಿಷನ್ ಬರುತ್ತದೆ. ವ್ಯಾಪಾರ ಡಲ್ ಆದ ತಿಂಗಳು ಕಮಿಷನ್ ಕಡಿಮೆ, ಅಷ್ಟೇ. ಇಲ್ಲಿ ಕಮಿಷನ್ ಸಿಗಬೇಕಾದರೆ ಮೊದಲು ನೀನು "ಆಕ್ಟಿವ್" ಆಗಿರಬೇಕು. ಅದಕ್ಕೆ ಪ್ರತಿ ತಿಂಗಳೂ ಇಷ್ಟು ಪಾಯಿಂಟ್ (ಸಾಮಾನು ಹೋದಷ್ಟೂ ಸಿಗುವ ಅಂಕ) ಆಗಲೇಬೇಕು. ಗಿರಾಕಿ ಸಿಗದ ತಿಂಗಳು ಆ ಪಾಯಿಂಟ್ ಎಲ್ಲಿಂದ ಬರುತ್ತದೆ? ನೀನೇ ಕೊಳ್ಳುತ್ತೀಯ. ನಿನ್ನ ರೂಮಿನಲ್ಲಿ ಪೇರಿಸಿಟ್ಟ ಡಬ್ಬಗಳನ್ನು ಕಂಪನಿ ಆಗಲೇ ಮಾರಾಟ ಆಯಿತು ಅಂತ ಬರೆದುಕೊಂಡಿದೆ. ಅವರ ದೊಡ್ಡ ಗಿರಾಕಿ ನೀನೇ ಕಣೇ.

ಈಗ ಒಂದು ಲೆಕ್ಕ ಹಾಕೋಣ. ನೀನು ಸೇರಿಸಿದ, ನಿನ್ನ ಕೆಳಗಿನವರು ಕೊಂಡದ್ದರಲ್ಲಿ ನಿನಗೆ ನೂರಕ್ಕೆ 5 ಸಿಗುತ್ತದೆ ಅಂದುಕೋ. ನೀನು ಹಾಕಿದ ದುಡ್ಡು ವಾಪಸ್ ಬರಬೇಕಾದರೆ, ನಿನ್ನಷ್ಟೇ ಕೊಳ್ಳುವ 20 ಜನ ಕೆಳಗೆ ಬೇಕು. ಲಾಭ ಅಲ್ಲ, ಬರೀ ಅಸಲು. ಆ 20 ಜನರಲ್ಲಿ ಒಬ್ಬೊಬ್ಬರಿಗೂ ಮತ್ತೆ 20 ಜನ ಬೇಕಲ್ವಾ?

ಎಲ್ಲರೂ ತಪ್ಪದೆ 5 ಜನರನ್ನು ಸೇರಿಸುತ್ತಾ ಹೋದರು ಅಂತಲೇ ಇಟ್ಟುಕೋ. ಗುಂಪು ಎಷ್ಟೇ ಬೆಳೆಯಲಿ, ನೂರಕ್ಕೆ ಸುಮಾರು 80 ಜನ ಯಾವತ್ತೂ ಕಟ್ಟಕಡೆಯ ಸಾಲಿನಲ್ಲೇ ಇರುತ್ತಾರೆ, ಕೆಳಗೆ ಯಾರೂ ಇಲ್ಲದೆ. ಅದರ ಮೇಲಿನ ಸಾಲಿನವರ ಕೆಳಗೂ ಬರೀ 5 ಜನ, ಅಸಲಿಗೆ ಬೇಕಾದ 20 ಅಲ್ಲ. ಅವರನ್ನೂ ಸೇರಿಸಿದರೆ 96 ಜನ. ಇಲ್ಲಿ ಯಾರೂ ಸೋಮಾರಿಗಳಲ್ಲ, ಯಾರೂ ಅರ್ಧಕ್ಕೆ ಬಿಟ್ಟಿಲ್ಲ. ಎಲ್ಲರೂ ಗುರಿ ಮುಟ್ಟಿದರೂ ಬರುವ ಉತ್ತರ ಇದೇ. ಮೀಟಿಂಗಿನಲ್ಲಿ "ಬಿಟ್ಟುಹೋದವರು ಮಾತ್ರ ಸೋತರು" ಅನ್ನುತ್ತಾರಲ್ಲ, ಅದನ್ನು ನಂಬಬೇಡ.

ಒಬ್ಬೊಬ್ಬರೂ ಎಡಕ್ಕೊಬ್ಬರು, ಬಲಕ್ಕೊಬ್ಬರು ಅಂತ "ಬರೀ ಇಬ್ಬರು ಸಾಕು" ಅನ್ನುವ ಬೈನರಿ ಪ್ಲಾನ್ ಕೂಡ ಹಾಗೇ. ಒಬ್ಬರಿಂದ ಶುರುವಾಗಿ 33 ಸಲ ದುಪ್ಪಟ್ಟಾದರೆ ಸುಮಾರು 859 ಕೋಟಿ. ಭೂಮಿ ಮೇಲೆ ಅಷ್ಟು ಜನವೇ ಇಲ್ಲ. ಸಾಲದ್ದಕ್ಕೆ ಅಲ್ಲಿ ದುಡ್ಡು ಕೊಡುವುದು ಎರಡು "ಲೆಗ್"ಗಳಲ್ಲಿ, ಅಂದರೆ ಎಡ ಬಲದ ಆ ಎರಡು ಸಾಲುಗಳಲ್ಲಿ, ಕಡಿಮೆ ವ್ಯಾಪಾರ ಆದ ಕಡೆಯ ಲೆಕ್ಕಕ್ಕೆ. ಒಂದು ಕಡೆ ಎಷ್ಟೇ ಬೆಳೆದರೂ ಇನ್ನೊಂದು ಕಡೆ ಖಾಲಿ ಇದ್ದರೆ ಜೋಡಿ ಆಗುವುದಿಲ್ಲ, ದುಡ್ಡೂ ಬರುವುದಿಲ್ಲ. ಆಗ ಜನ ಮನೆಯವರ ಹೆಸರಿನಲ್ಲಿ ಐಡಿ ಮಾಡಿಸಿ ತಾವೇ ದುಡ್ಡು ಕಟ್ಟುತ್ತಾರೆ.

ಇದು ಅಮ್ಮನ ಹೆದರಿಕೆ ಅನ್ನಬೇಡ. ಗಿರಾಕಿಗಳಿಗೆ ಮೋಸ ಆಗದ ಹಾಗೆ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಸಂಸ್ಥೆ, ಫೆಡರಲ್ ಟ್ರೇಡ್ ಕಮಿಷನ್‌ನವರು 2024ರಲ್ಲಿ ಇಂಥ 70 ಕಂಪನಿಗಳು ತಾವೇ ಪ್ರಕಟಿಸಿದ ಆದಾಯದ ವಿವರ ತೆಗೆದು ನೋಡಿದರು. ಹೆಚ್ಚಿನವರಿಗೆ ಸಿಕ್ಕಿದ್ದು ವರ್ಷಕ್ಕೆ 1,000 ಡಾಲರ್ ಅಥವಾ ಅದಕ್ಕಿಂತ ಕಡಿಮೆ. ಅದೂ ಖರ್ಚು ಕಳೆಯುವ ಮೊದಲು. 2016ರಲ್ಲಿ ಅದೇ ಸಂಸ್ಥೆ ಇಂಥದ್ದೇ ಇನ್ನೊಂದು ಕಂಪನಿ ಹರ್ಬಲೈಫ್‌ನಿಂದ ಒಂದು ಷರತ್ತು ಒಪ್ಪಿಸಿತು: ಅಮೆರಿಕದಲ್ಲಿ ಕೊಡುವ ಕಮಿಷನ್‌ನಲ್ಲಿ ಕನಿಷ್ಠ ಮೂರರಲ್ಲಿ ಎರಡು ಪಾಲು ದಾಖಲೆ ಇರುವ ಚಿಲ್ಲರೆ ಮಾರಾಟಕ್ಕೇ ಸಿಗಬೇಕು. ಅಂದರೆ ಅವರು ಕೈ ಹಾಕಿದ್ದು ದುಡ್ಡು ಹಂಚುವ ರೀತಿಗೇ.

ದುಡ್ಡಿಗಿಂತ ನನಗೆ ಜಾಸ್ತಿ ಸಂಕಟ ಆಗುವುದು ಇನ್ನೊಂದಕ್ಕೆ. ನೀನು ಸೇರಿಸಿದವರೆಲ್ಲ ಅದೇ ಡಬ್ಬ ಹಿಡಿದು, ಅದೇ ಪರಿಚಯದವರ ಬಾಗಿಲಿಗೆ ಹೋಗುತ್ತಾರೆ. ಯಾವ ಅಂಗಡಿಯವರಾದರೂ ಗಿರಾಕಿಗೆ ಪಕ್ಕದಲ್ಲೇ ಅಂಥದ್ದೇ ಅಂಗಡಿ ಹಾಕಿಕೊಡುತ್ತಾರಾ? ನಿನಗೆ ಮಾರುವುದು ಚೆನ್ನಾಗಿ ಬರುತ್ತದೆ. ಆದರೆ ಈ ಪ್ಲಾನ್ ಆ ಗುಣಕ್ಕೆ ಬೆಲೆ ಕೊಡುವುದಿಲ್ಲ. ಜನರನ್ನು ಸೇರಿಸಿದರೆ ಮಾತ್ರ ಕೊಡುತ್ತದೆ. ಹಾಗಾಗಿ ಗೆಳತಿಯರ ಹೆಸರು ಪಟ್ಟಿ ಮಾಡಿಕೊಂಡು ಕೂರುವ ಹಾಗಾಗಿದೆ.

ಸೇರಿದಾಗಿನಿಂದ ಕಟ್ಟಿದ್ದು, ಕೊಂಡದ್ದು, ಮೀಟಿಂಗಿಗೆ ಓಡಾಡಿದ್ದು, ಫೋನ್ ಖರ್ಚು, ಎಲ್ಲ ಒಂದು ಕಡೆ ಬರಿ. ಬ್ಯಾಂಕಿಗೆ ಬಂದದ್ದನ್ನು ಇನ್ನೊಂದು ಕಡೆ ಬರಿ. ಡಬ್ಬಗಳಲ್ಲಿ ಹೊರಗಿನ ಗಿರಾಕಿ ಕೊಂಡದ್ದು ಎಷ್ಟು, ನೀನೇ ಇಟ್ಟುಕೊಂಡದ್ದು ಎಷ್ಟು, ಅದೂ ಇರಲಿ. ಒಡೆಯದ ಡಬ್ಬ ವಾಪಸ್ ತೆಗೆದುಕೊಳ್ಳುವ ನಿಯಮ ಇದ್ದರೆ ಗಡುವು ಯಾವಾಗ ಅಂತ ಇವತ್ತೇ ನೋಡು, ಕೇಳುವುದನ್ನು ಬರಹದಲ್ಲೇ ಕೇಳು. ಇದಿಷ್ಟು ಆಗುವವರೆಗೆ ಇನ್ನೊಬ್ಬರನ್ನು ಸೇರಿಸಬೇಡ. ಬಿಡಬೇಕು ಅನ್ನಿಸಿದರೆ ಹೋದ ದುಡ್ಡಿನ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ.

ನಿನ್ನ ಅಮ್ಮ